ಹಾಪರ್ ಅವರ ‘ದಿ ಮ್ಯಾನ್ಸರ್ಡ್ ರೂಫ್’ ಜಲವರ್ಣಕ್ಕೆ ಅಷ್ಟು ಮಹತ್ವ ಯಾಕೆ?

ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ ಅವರ ಬದುಕಿಗೇ ತಿರುವು ಕೊಟ್ಟದ್ದು ಹಳೇ ಮನೆಯೊಂದರ ಈ ಚಿತ್ರ, ಅದಕ್ಕೆ. (ಮ್ಯಾನ್ಸರ್ಡ್ ರೂಫ್ ಎಂದರೆ ಕೆಳಭಾಗ ಕಡಿದಾಗಿ, ಮೇಲ್ಭಾಗ ಕಡಿಮೆ ಇಳಿಜಾರಾಗಿ ಇರುವ ಎರಡು ಹಂತದ ಚಾವಣಿ.)

1923ರ ಬೇಸಿಗೆಯಲ್ಲಿ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ಲಾಸ್ಟರ್ ಎಂಬ ಮೀನುಗಾರರ ಊರಿನಲ್ಲಿದ್ದರು. ವಯಸ್ಸು ನಲವತ್ತು ದಾಟಿತ್ತು. ಅಲ್ಲಿಯವರೆಗೆ ಮಾರಾಟವಾಗಿದ್ದ ಪೇಂಟಿಂಗ್ ಒಂದೇ ಒಂದು, ಅದೂ ಹತ್ತು ವರ್ಷದ ಹಿಂದೆ. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದರು. ಜಲವರ್ಣ ಹಿಡಿಯಿರಿ ಎಂದು ಹುರಿದುಂಬಿಸಿದ್ದು ಕಲಾವಿದೆ ಜೋಸೆಫೀನ್ ನಿವಿಸನ್ (ಮರುವರ್ಷ ಇಬ್ಬರೂ ಮದುವೆಯಾದರು).

ಆ ಊರಿಗೆ ಬಂದ ಕಲಾವಿದರೆಲ್ಲ ದೋಣಿ, ಕಡಲು ಬರೆಯುತ್ತಿದ್ದರೆ ಹಾಪರ್ ಮನೆಗಳನ್ನು ನೋಡುತ್ತ ಬೀದಿ ಸುತ್ತಿದರು. ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ: ಕಿಟಕಿ, ಜಗಲಿಗಳ ಮೇಲಿನ ಹಳದಿ ಬಟ್ಟೆಯ ಮರೆಗಳು ಗಾಳಿಗೆ ಉಬ್ಬಿವೆ, ಬೆಳ್ಳನೆಯ ಗೋಡೆಯ ಮೇಲೆ ಮರದ ನೀಲಿ ನೆರಳು ಅಲುಗುತ್ತಿರುವಂತಿದೆ. ಬಿಸಿಲು ಬಿದ್ದ ಕಡೆ ಕಾಗದದ ಬಿಳುಪೇ ಬೆಳಕಾಗಿದೆ. ನನಗಂತೂ ಅವರ ನಂತರದ ಮೌನದ ತೈಲಚಿತ್ರಗಳಿಗಿಂತ ಈ ಗಾಳಿಯಾಡುವ ಮನೆಯೇ ಹೆಚ್ಚು ಇಷ್ಟ.

ಬ್ರೂಕ್ಲಿನ್ ಮ್ಯೂಸಿಯಂ ಅದೇ ವರ್ಷ ಇದನ್ನು 100 ಡಾಲರಿಗೆ ಕೊಂಡಿತು. 1924ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಅವರ ಜಲವರ್ಣಗಳೆಲ್ಲ ಮಾರಾಟವಾದವು. ಆಮೇಲೆ ಅವರು ಪತ್ರಿಕೆಯ ಕೆಲಸ ಬಿಟ್ಟೇಬಿಟ್ಟರು.