ಮೂರು ತೋಟಾಗಳಿಗೆ ಒಂದೇ ಮದ್ದು ಸಾಕೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಳಿಯ ತಮ್ಮ ರೈಫಲ್ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. .223, .308, .30-06 ಎಂಬ ಮೂರು ಅಳತೆಯ ತೋಟಾಗಳಿಗೂ ಒಂದೇ ಸಿಡಿಮದ್ದು ಬಳಸಬಹುದು ಎನ್ನುತ್ತಾರೆ. ಇದು ನಿಜವೇ? ನಮ್ಮ ಕೇಪಿನ ಕೋವಿಗೂ ಆ ಮದ್ದು ಆದೀತೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಜ. ಮದ್ದಿನ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಅದು ಉರಿಯುವ ವೇಗ. ಚಿಕ್ಕ ತೋಟಾಕ್ಕೆ ಬೇಗ ಉರಿಯುವ ಮದ್ದು, ದೊಡ್ಡ ತೋಟಾ ಮತ್ತು ಭಾರದ ಗುಂಡಿಗೆ ನಿಧಾನವಾಗಿ ಉರಿಯುವ ಮದ್ದು ಹೊಂದುತ್ತದೆ; ವಾರ್ಗೆಟ್, ಐಎಂಆರ್ 4064 ಎಂಬ ಹೆಸರಿನ ಮದ್ದುಗಳಂತಹ ಮಧ್ಯಮ ವೇಗದವು ಈ ಮೂರರಲ್ಲೂ ಬಳಕೆಯಲ್ಲಿವೆ. ಬಿಸಿಲು, ಚಳಿಗಳಿಂದ ಗುಂಡಿನ ವೇಗ ಹೆಚ್ಚು ಏರುಪೇರಾಗದಿರುವುದು ವಾರ್ಗೆಟ್‌ನ ಹೆಚ್ಚುಗಾರಿಕೆ. ಆದರೆ ಇವೆರಡರ ಕಾಳುಗಳು ಮುರಿದ ಕಡ್ಡಿಯ ಚೂರುಗಳಂತಿದ್ದು, ಅಳೆಯುವ ಯಂತ್ರದಲ್ಲಿ ಆಗಾಗ ಸಿಕ್ಕಿಕೊಳ್ಳುವುದರಿಂದ, ಉರುಟು ಕಾಳಿನ ಮದ್ದಿನಷ್ಟು ಸಲೀಸಾಗಿ ಸುರಿಯುವುದಿಲ್ಲ. ಮದ್ದು ಒಂದೇ ಆದರೂ ಪ್ರಮಾಣ ಒಂದೇ ಅಲ್ಲ. ಪ್ರತಿ ತೋಟಾಕ್ಕೂ ತಯಾರಕರು ಪ್ರಕಟಿಸಿದ ಕೋಷ್ಟಕವನ್ನೇ ಅನುಸರಿಸಬೇಕು.

ಕೇಪಿನ ಕೋವಿಗೆ ಮಾತ್ರ ಅದನ್ನು ಎಂದಿಗೂ ಹಾಕಬಾರದು. ಆ ಕೋವಿಗೆ ಹಾಕುವ, ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದೇ ಬೇರೆ. ವಾರ್ಗೆಟ್‌ನಂತಹವು ಹೊಗೆರಹಿತ ಮದ್ದುಗಳು; 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಲ್ ರೂಪಿಸಿದ ಈ ಬಗೆಯ ಮದ್ದಿನ ಒತ್ತಡವೇ ಬೇರೆ. ಅಜ್ಜನ ಕಾಲದ ನಳಿಕೆ ಆ ಒತ್ತಡಕ್ಕೆ ಸೀಳಿ, ಕೈ ಕಣ್ಣುಗಳನ್ನು ತೆಗೆದೀತು. ಇನ್ನು, ಅಳಿಯಂದಿರ ಹವ್ಯಾಸವನ್ನು ಇಲ್ಲಿ ಅನುಕರಿಸುವ ಮಾತೇ ಬೇಡ: ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ತಯಾರಿಕೆಯ ಅನುಮತಿ ಸಿಕ್ಕಂತಾಗುವುದಿಲ್ಲ.