ಅಲಾಟ್‌ಮೆಂಟಿನಲ್ಲಿ ಚಳಿಗಾಲದ ತರಕಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಇಂಗ್ಲೆಂಡಿನ ಕನ್ನಡಿಗರವೇ ಹೆಚ್ಚಾಗಿರುವುದರಿಂದ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅಲಾಟ್‌ಮೆಂಟ್ ಎಂದರೆ ಅಲ್ಲಿನ ನಗರಾಡಳಿತವೋ ಸಂಘವೋ ವರ್ಷದ ಬಾಡಿಗೆಯ ಮೇಲೆ ತರಕಾರಿ ಬೆಳೆಯಲು ಕೊಡುವ ಜಾಗ. ಪೂರ್ಣ ಪ್ಲಾಟ್ ಸುಮಾರು 250 ಚದರ ಮೀಟರ್ ಇರುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ.

ಪ್ರಶ್ನೆ: ಈ ಬೇಸಿಗೆಯಲ್ಲಿ ನಮಗೆ ಅರ್ಧ ಪ್ಲಾಟ್ ಸಿಕ್ಕಿತು. ಊರಿನಲ್ಲಿ ಮಾಡುತ್ತಿದ್ದಂತೆ ದಸರಾ ಮುಗಿದ ಮೇಲೆ ಎಲೆಕೋಸು, ನವಿಲುಕೋಸು, ಮೂಲಂಗಿ ಬೀಜ ಹಾಕಿದೆವು. ಮೊಳಕೆ ಬಂದು ಎರಡೆಲೆ ಬಿಟ್ಟವು, ಅಲ್ಲಿಗೇ ನಿಂತುಬಿಟ್ಟವು. ಗೊಬ್ಬರ ಸಾಲದಾಯಿತೇ? (ರೆಡಿಂಗ್‌ನ ಓದುಗರು)

ಉತ್ತರ: ಗೊಬ್ಬರದ ಕೊರತೆಯಲ್ಲ, ಬೆಳಕಿನ ಕೊರತೆ. ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ 11 ಗಂಟೆ ಮೀರಿರುತ್ತದೆ. ಆದ್ದರಿಂದ ನಮ್ಮ ಚಳಿಗಾಲವೆಂದರೆ ಬಿಸಿಲು ಹಿತವಾಗಿರುವ, ಕೋಸು ಜಾತಿಯ ಗಿಡಗಳು ಹುಲುಸಾಗಿ ಬೆಳೆಯುವ ಕಾಲ. ಲಂಡನ್ ಸುತ್ತಮುತ್ತ ಅದೇ ಹಗಲು 8 ಗಂಟೆಗಿಂತಲೂ ಕಡಿಮೆ. ಹಗಲು 10 ಗಂಟೆಗಿಂತ ಇಳಿದಾಗ ಬಹುತೇಕ ತರಕಾರಿಗಳ ಬೆಳವಣಿಗೆ ನಿಂತೇಹೋಗುತ್ತದೆ ಎನ್ನಬಹುದು, ಮತ್ತು ನಿಮ್ಮಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಇದೇ ಸ್ಥಿತಿ. ಹಾಗಾಗಿ ಅಲ್ಲಿ ಚಳಿಗಾಲದ ತರಕಾರಿ ಎಂದರೆ ಚಳಿಗಾಲದಲ್ಲಿ ಬೆಳೆಯುವುದಲ್ಲ. ಬೇಸಿಗೆಯಲ್ಲೇ ಬೆಳೆದು ನಿಂತು, ಚಳಿಯಲ್ಲಿ ಕೆಡದೆ ಪಾತಿಯಲ್ಲೇ ಉಳಿದು, ಬೇಕೆಂದಾಗ ಕೊಯ್ಲಿಗೆ ಸಿಗುವುದು.

ಬರುವ ವರ್ಷಕ್ಕೆ ಈ ಲೆಕ್ಕ ಇಟ್ಟುಕೊಳ್ಳಿ. ಬ್ರಸೆಲ್ಸ್ ಸ್ಪ್ರೌಟ್ಸ್ (ಪುಟ್ಟ ಕೋಸು) ಮತ್ತು ಲೀಕ್ (ಈರುಳ್ಳಿ ಜಾತಿಯ ತರಕಾರಿ) ಬೀಜವನ್ನು ಮಾರ್ಚ್–ಏಪ್ರಿಲ್‌ನಲ್ಲಿ, ಪಾರ್ಸ್ನಿಪ್ (ಕ್ಯಾರೆಟ್‌ನಂಥ ಬಿಳಿ ಗೆಡ್ಡೆ) ಅನ್ನು ಏಪ್ರಿಲ್‌ನಲ್ಲಿ, ಚಳಿಗಾಲದ ಎಲೆಕೋಸು ಮತ್ತು ಕೇಲ್ (ಕೋಸು ಜಾತಿಯ ಸೊಪ್ಪು) ಅನ್ನು ಮೇ ತಿಂಗಳಲ್ಲಿ ಹಾಕಿ, ಕೋಸಿನ ಸಸಿಗಳನ್ನು ಜೂನ್–ಜುಲೈನಲ್ಲಿ ನಾಟಿ ಮಾಡಬೇಕು. ನವಿಲುಕೋಸಿಗೆ ಆಗಸ್ಟ್ ಮೊದಲ ವಾರ ಕೊನೆಯ ಗಡುವು. ನಮ್ಮ ಬಿಳಿ ಉದ್ದ ಮೂಲಂಗಿಯ ವಿಷಯ ಬೇರೆ: ಅದನ್ನು ವಸಂತದಲ್ಲಿ ಹಾಕಿದರೆ ಹಗಲು ಉದ್ದವಾಗುತ್ತಿದ್ದಂತೆ ಗೆಡ್ಡೆ ಕಟ್ಟುವ ಮೊದಲೇ ಹೂದಂಟು ಎದ್ದುಬಿಡುತ್ತದೆ, ಆದ್ದರಿಂದ ಜುಲೈ ನಡುವಿನಿಂದ ಆಗಸ್ಟ್ ನಡುವೆ ಬಿತ್ತಿ ಅಕ್ಟೋಬರ್–ನವೆಂಬರ್‌ನಲ್ಲಿ ಕೀಳುವುದೇ ಸರಿ. ಪಾರ್ಸ್ನಿಪ್ ಕೀಳಲು ಮಾತ್ರ ಅವಸರ ಬೇಡ. ಚೆನ್ನಾಗಿ ಹಿಮ ಬಿದ್ದ ಮೇಲೆ ಅದರ ಪಿಷ್ಟ ಸಕ್ಕರೆಯಾಗಿ ರುಚಿ ಹೆಚ್ಚುತ್ತದೆ. ಇದರ ಹುಳಿ ಮಾಡಿದರೆ ಸಿಹಿ ಮುಂದಾಗುತ್ತದೆ, ಪಲ್ಯವೇ ವಾಸಿ.

ಈಗ ನಿಂತಿರುವ ಎರಡೆಲೆಯ ಸಸಿಗಳ ಮೇಲೆ ಆಸೆ ಇಟ್ಟುಕೊಳ್ಳದೆ ಆ ಪಾತಿಯನ್ನು ಬೆಳ್ಳುಳ್ಳಿಗೆ ಬಿಡಿ, ನವೆಂಬರ್ ಕೊನೆಯವರೆಗೂ ಕಾಲವಿದೆ. ಬೆಳ್ಳುಳ್ಳಿಗೆ ಒಂದೆರಡು ತಿಂಗಳ ಒಳ್ಳೆಯ ಚಳಿ ಸಿಗದಿದ್ದರೆ ಗೆಡ್ಡೆ ಎಸಳುಗಳಾಗಿ ಒಡೆಯದೆ ಒಂಟಿಯಾಗಿ ಉಳಿಯಬಹುದು, ಆದ್ದರಿಂದ ನಿಮ್ಮ ಚಳಿ ಇಲ್ಲಿ ಉಪಕಾರಿ. ದಪ್ಪ ಎಸಳುಗಳನ್ನು ಆರಿಸಿ, ಮೊನೆ ಮೇಲಾಗಿ, ತುದಿಯ ಮೇಲೆ ಎರಡು–ಮೂರು ಸೆಂಟಿಮೀಟರ್ ಮಣ್ಣು ಬರುವಂತೆ, 15 ಸೆಂಟಿಮೀಟರ್ ಅಂತರದಲ್ಲಿ ಊರಿ. ಅಂಗಡಿಯ ಅಡುಗೆ ಬೆಳ್ಳುಳ್ಳಿಯ ಬದಲು ಬಿತ್ತನೆಗೆಂದೇ ಮಾರುವುದನ್ನು ಕೊಳ್ಳುವುದು ಮೇಲು, ಏಕೆಂದರೆ ಅಡುಗೆಯದು ಬೆಚ್ಚಗಿನ ದೇಶದ ತಳಿಯಾಗಿರಬಹುದು, ರೋಗವನ್ನೂ ತರಬಹುದು. ನೆಟ್ಟ ಮೊದಲ ವಾರಗಳಲ್ಲಿ ಹಕ್ಕಿಗಳು ಮೊನೆ ಹಿಡಿದು ಎಳೆದು ಹಾಕುತ್ತವೆ. ಕಂಡಾಗ ಮತ್ತೆ ಊರಿದರಾಯಿತು. ಮರುವರ್ಷ ಜೂನ್–ಜುಲೈನಲ್ಲಿ ಎಲೆ ಹಳದಿಯಾದಾಗ ಕೀಳಿ.

ಪ್ರಶ್ನೆ: ಊರಿನ ಅವರೆಯನ್ನು ಮೇ ತಿಂಗಳಲ್ಲಿ ಹಾಕಿದ್ದೆ. ಬಳ್ಳಿ ಆಳೆತ್ತರ ಹಬ್ಬಿತು, ಆದರೆ ಹೂ ಕಂಡದ್ದು ಸೆಪ್ಟೆಂಬರ್ ಕೊನೆಗೆ. ಅಕ್ಟೋಬರಿನ ಮೊದಲ ಹಿಮಕ್ಕೆ ಎಲ್ಲವೂ ಕರಕಲಾಯಿತು. ಸಂಕ್ರಾಂತಿಗೆ ಒಂದು ಹಿಡಿ ಕಾಳಾದರೂ ಸಿಗುವ ದಾರಿ ಇದೆಯೇ? (ಲೆಸ್ಟರ್‌ನ ಓದುಗರು)

ಉತ್ತರ: ಸಂಕ್ರಾಂತಿಗೆ ಇಲ್ಲ. ಊರಿನ ಅವರೆ ಹಗಲು ಚಿಕ್ಕದಾಗುವವರೆಗೂ ಹೂ ಬಿಡದ ಬೆಳೆ. ನಿಮ್ಮಲ್ಲಿ ಹಗಲು ಚಿಕ್ಕದಾಗುವುದಕ್ಕೂ ಹಿಮ ಬೀಳುವುದಕ್ಕೂ ನಡುವೆ ಕಾಯಿ ಬಲಿಯುವಷ್ಟು ದಿನಗಳೇ ಉಳಿಯುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ಆದರೆ ಅವಕ್ಕೂ ಬೆಚ್ಚನೆಯ ವಾತಾವರಣ ಬೇಕು, ಗಾಜಿನಮನೆ ಇದ್ದರೆ ಮಾತ್ರ ಯೋಚಿಸಬಹುದು. ಬಿತ್ತನೆ ಬೀಜವನ್ನು ಭಾರತದಿಂದ ಒಯ್ಯಲು ಸಾಮಾನ್ಯವಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ, ಪೆಟ್ಟಿಗೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಹೋಗುವ ಮೊದಲು ನಿಯಮ ವಿಚಾರಿಸಿ.

ಅವರೆಯ ಆಸೆಯನ್ನು ಸ್ವಲ್ಪ ಮಟ್ಟಿಗೆ ತೀರಿಸುವುದು ಬ್ರಾಡ್ ಬೀನ್ಸ್. ಚಳಿ ತಡೆಯುವ ‘ಅಕ್ವಾಡುಲ್ಸೆ ಕ್ಲಾಡಿಯಾ’ ತಳಿಯನ್ನು ನವೆಂಬರ್ ಮೊದಲ ಭಾಗದಲ್ಲಿ 5 ಸೆಂಟಿಮೀಟರ್ ಆಳಕ್ಕೆ, 20 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿ. ಇನ್ನೂ ಬೇಗ ಬಿತ್ತಿದರೆ ಗಿಡ ಎತ್ತರವಾಗಿ ಗಾಳಿಗೆ ಮುರಿಯುತ್ತದೆ. ಗೇಣುದ್ದಕ್ಕಿಂತ ಕಡಿಮೆ ಇದ್ದಾಗಲೇ ಚಳಿಗೆ ಸಿಕ್ಕುವುದು ಒಳ್ಳೆಯದು. ಮೇ ಕೊನೆಯಿಂದ ಕಾಯಿ ಸಿಗುತ್ತದೆ. ಕೆಳಗೆ ಕಾಯಿ ಕಟ್ಟುತ್ತಿದ್ದಂತೆ ಕುಡಿ ಚಿವುಟಿದರೆ ಕಪ್ಪು ಹೇನಿನ ಕಾಟ ಕಡಿಮೆಯಾಗುತ್ತದೆ. ಬಲಿತ ಕಾಳನ್ನು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ ತೆಗೆದು, ಬೆರಳಿನಿಂದ ಒತ್ತಿದರೆ ಬೂದು ಸಿಪ್ಪೆಯಿಂದ ಹಸಿರು ಬೇಳೆ ಜಾರಿ ಬರುತ್ತದೆ. ಹಿತಕಿದ ಬೇಳೆ ಸಾರಿಗೆ ಅಡ್ಡಿಯಿಲ್ಲ, ಆದರೆ ಅವರೆಯ ಸೊಗಡನ್ನು ಅದರಲ್ಲಿ ಹುಡುಕಬೇಡಿ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ (ರಕ್ತಕಣಗಳಿಗೆ ಬೇಕಾದ ಒಂದು ಕಿಣ್ವದ ಹುಟ್ಟುಕೊರತೆ) ಇದ್ದರೆ ಅವರು ಈ ಕಾಳನ್ನು ತಿನ್ನಲೇಬಾರದು.

ಪ್ರಶ್ನೆ: ನಾನು ಮಂಡ್ಯದ ಕಡೆಯ ರೈತ, ಮ್ಯಾಂಚೆಸ್ಟರ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಅವಳ ಪ್ಲಾಟಿನಲ್ಲಿ ಕೋಸಿನ ಗಿಡಗಳು ಮಧ್ಯಾಹ್ನ ಬಾಡುತ್ತವೆ; ಕಿತ್ತು ನೋಡಿದರೆ ಬೇರು ಶುಂಠಿಯಂತೆ ಊದಿದೆ. ನಮ್ಮಲ್ಲಿ ಟೊಮೆಟೊಗೆ ಬರುವ ಜಂತುಹುಳುವೇ?

ಉತ್ತರ: ತಾವು ಬೇರು ಕಿತ್ತು ನೋಡಿದ್ದು ಒಳ್ಳೆಯದಾಯಿತು. ಜಂತುಹುಳುವಾಗಿದ್ದರೆ ಬೇರಿನುದ್ದಕ್ಕೂ ಸಣ್ಣ ಸಣ್ಣ ಗಂಟುಗಳು ಕಾಣುತ್ತಿದ್ದವು. ಬೇರಿಗೆ ಬೇರೇ ದಪ್ಪಗೆ ಊದಿಕೊಂಡಿದ್ದರೆ ಅದು ಕ್ಲಬ್‌ರೂಟ್ ಎಂಬ ರೋಗ. ಹುಳಿ ಮಣ್ಣಿನಲ್ಲಿ, ನೀರು ನಿಲ್ಲುವ ಕಡೆ ಹೆಚ್ಚು. ಇದಕ್ಕೆ ಮದ್ದಿಲ್ಲ, ರೋಗಾಣು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ, ಬೂಟು ಗುದ್ದಲಿಗಳಿಗೆ ಅಂಟಿದ ಮಣ್ಣಿನಿಂದ ಪ್ಲಾಟಿನಿಂದ ಪ್ಲಾಟಿಗೆ ಹೋಗುತ್ತದೆ. ಊದಿದ ಬೇರನ್ನು ಕಾಂಪೋಸ್ಟ್ ಗುಡ್ಡೆಗೆ ಹಾಕಬಾರದು. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7ಕ್ಕಿಂತ ತುಸು ಮೇಲೇರುವಂತೆ ಈ ಚಳಿಗಾಲದಲ್ಲೇ ತೋಟದ ಸುಣ್ಣ ಹಾಕಿಸಿ. ಕೊಟ್ಟಿಗೆ ಗೊಬ್ಬರವನ್ನು ಅದರ ಜೊತೆಗೇ ಹಾಕಿದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುವುದರಿಂದ ಎರಡರ ನಡುವೆ ಕೆಲವು ತಿಂಗಳು ಬಿಡಬೇಕು. ಮುಂದಿನ ವರ್ಷ ಹೂಕೋಸಿನಲ್ಲಿ ‘ಕ್ಲಾಪ್ಟನ್’, ಎಲೆಕೋಸಿನಲ್ಲಿ ‘ಕಿಲಾಕ್ಸಿ’ಯಂಥ ರೋಗ ತಡೆಯುವ ತಳಿಗಳನ್ನು ಹೊಸ ಮಣ್ಣಿನ ಕುಂಡದಲ್ಲಿ ದೊಡ್ಡ ಸಸಿಯಾಗಿಸಿ ನಾಟಿ ಮಾಡಲಿ. ಮೂಲಂಗಿ, ಸಾಸಿವೆ ಕೂಡ ಇದೇ ಕುಟುಂಬದವು. ಹಸಿರೆಲೆ ಗೊಬ್ಬರಕ್ಕೆಂದು ಆ ಪಾತಿಯಲ್ಲಿ ಸಾಸಿವೆ ಚೆಲ್ಲದೆ ರೈ ಹುಲ್ಲನ್ನು ಬಿತ್ತಬಹುದು.

ಪ್ರಶ್ನೆ: ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಚಳಿಗಾಲದಲ್ಲಿ ಉಳಿಯುತ್ತವೆಯೇ? (ಸ್ಲೌ)

ಉತ್ತರ: ಆಗಸ್ಟ್ ಕೊನೆಗೆ ಬಿತ್ತಿದ ಕೊತ್ತಂಬರಿ, ಮೇಲೆ ಫ್ಲೀಸ್ ಬಟ್ಟೆ ಹೊದಿಸಿದರೆ, ಹಗುರವಾದ ಹಿಮ ತಡೆಯುತ್ತದೆ. ಸಬ್ಬಸಿಗೆ ತಡೆಯುವುದಿಲ್ಲ. ಮೆಂತ್ಯವನ್ನು ಅಡುಗೆಮನೆಯ ಕಿಟಕಿಯ ಬಳಿ ತಟ್ಟೆಯಲ್ಲಿ ಬೆಳೆಸಿ ಎಳೆಯದಾಗಿಯೇ ಕತ್ತರಿಸಿಕೊಳ್ಳಿ.

ಪ್ರಶ್ನೆ: ಬಲೆ ಹಾಕಿದರೂ ಪಾರಿವಾಳಗಳು ಕೇಲ್ ಎಲೆಯನ್ನು ಬರೀ ದಂಟಾಗಿಸಿವೆ. (ಬ್ರಿಸ್ಟಲ್)

ಉತ್ತರ: ಬಲೆ ಎಲೆಯ ಮೇಲೆ ಬಿದ್ದುಕೊಂಡಿದ್ದರೆ ಅವು ಅದರ ಮೇಲೆಯೇ ಕುಳಿತು ಕುಕ್ಕುತ್ತವೆ. ಕಮಾನು ಕಡ್ಡಿಗಳ ಮೇಲೆ, ಗಿಡಕ್ಕಿಂತ ಒಂದು ಅಡಿ ಎತ್ತರದಲ್ಲಿ ಬಿಗಿಯಾಗಿ ಎಳೆದು, ಅಂಚುಗಳನ್ನು ಮಣ್ಣಿಗೆ ಗೂಟ ಹೊಡೆದು ಕಟ್ಟಿ. ಹಿಮ ಸುರಿದ ದಿನ ಹೋಗಿ ಬಲೆಯನ್ನು ಕೊಡವಿ ಬನ್ನಿ, ಇಲ್ಲವಾದರೆ ಅದರ ಭಾರಕ್ಕೆ ಕಡ್ಡಿಗಳು ಬಾಗಿ ಗಿಡವೂ ಮುರಿಯುತ್ತದೆ.