ದವಡೆಯ ‘ಟಕ್’ ಸದ್ದಿಗೆ ಹಲ್ಲು ತೇಯಿಸಬೇಕೇ?
ಬಾಯಿ ತೆರೆದಾಗ ದವಡೆ ‘ಟಕ್’ ಎನ್ನುತ್ತದೆ, ನೋವಿಲ್ಲ, ಆದರೂ ಹಲ್ಲು ತೇಯ್ದು ಮಟ್ಟ ಮಾಡಿಸಲು ಹೇಳಿದ್ದಾರೆ ಎಂದು ಡೊಂಬಿವಲಿಯಿಂದ ಕೇಳಿದ್ದೀರಿ. ಬೇಡ. ತೇಯ್ದ ಹಲ್ಲು ಮರಳಿ ಬೆಳೆಯುವುದಿಲ್ಲ. ಕೀಲಿನೊಳಗಿನ ಮೆದು ಬಿಲ್ಲೆ ತುಸು ಜಾರಿ ಮತ್ತೆ ಕೂರುವಾಗ ಬರುವ ಸದ್ದು ಅದು. ನೋವಿಲ್ಲದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಅನೇಕರ ದವಡೆ ಕೀಲಿಗೆ ಈ ಬಿಲ್ಲೆಯ ಬದಲು ಕೂರಿಸಿದ ಟೆಫ್ಲಾನ್ (ಒಂದು ಬಗೆಯ ಪ್ಲಾಸ್ಟಿಕ್) ಇಂಪ್ಲಾಂಟ್‌ಗಳು ಸವೆದು ಚೂರಾಗಿ, ಪಕ್ಕದ ಮೂಳೆಯನ್ನೇ ಕರಗಿಸಿದವು. ಅವಸರದ ಬೆಲೆ ಅಷ್ಟಿತ್ತು!

ನನಗೂ ಇದೇ ಕಾಟವಿತ್ತು. ಲೋಕಲ್ ರೈಲಿನ ನೂಕಾಟದಲ್ಲಿ ಹಲ್ಲು ಕಚ್ಚಿಕೊಂಡು, ಕೀಲಿಗೆ ಭಾರ ಹಾಕುತ್ತಲೇ ನಿಲ್ಲುತ್ತಿದ್ದೆ ಎಂಬುದು ತಿಳಿದದ್ದೇ ತಡವಾಗಿ. ನೋವು ಶುರುವಾದರೆ ಬಿಸಿನೀರಿನ ಶಾಖ, ಮೆತ್ತನೆಯ ಊಟ, ಫಿಸಿಯೋಥೆರಪಿ ಸಾಕಾಗಬಹುದು; ಗಟ್ಟಿ ಚಕ್ಕುಲಿಯನ್ನು ಸದ್ಯಕ್ಕೆ ಮರೆತುಬಿಡಿ. ಬಾಯಿ ತೆರೆಯಲಾಗದೆ ಸಿಕ್ಕಿಹಾಕಿಕೊಂಡರೆ ಮಾತ್ರ ತಡಮಾಡದೆ ಮುಂಬೈ ಸೆಂಟ್ರಲ್ ಬಳಿಯ ನಾಯರ್ ದಂತ ಆಸ್ಪತ್ರೆಗೆ ಹೋಗಿ.